ಮುದ್ದಿನ ಉಂಡೆಗಳ ಉಪದ್ರವ

(ವಿಜ್ಞಾನ ಕಥಾಸಕ್ತರ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ವೈಜ್ಞಾನಿಕ ಕಥೆ ಎಂದೊಡನೆ ನಾವು ಮುಖ ಗಂಟಿಕ್ಕಿಕೊಂಡು ಕೂರುತ್ತೇವೆ. ಸಿಡಿಯುವ ಗ್ರಹ, ಬೆಂಕಿಯುಗುಳುವ ಬಂದೂಕು, ಮೂರು ಕಣ್ಣಿನ ರಾಕ್ಷಸ ಇರಲೇಬೇಕು ಎಂಬುದು ನಮ್ಮ ಲೆಕ್ಕ. ಇವತ್ತು ನಾನು ಹೇಳುವ ಕಥೆಯ ಖಳನಿಗೆ ಹಲ್ಲೂ ಇಲ್ಲ, ಕೈಕಾಲೂ ಇಲ್ಲ. ಅಂಗೈ ಮೇಲೆ ಕೂರುವಷ್ಟು ದೊಡ್ಡ ಉಣ್ಣೆಯ ಉಂಡೆ ಅದು. ಸವರಿದರೆ ಬೆಕ್ಕಿನ ಹಾಗೆ ಗುರುಗುಟ್ಟುತ್ತದೆ. ಹೆಸರು ಟ್ರಿಬಲ್.

ಅಮೆರಿಕದ ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಈ ಕಂತು ಪ್ರಸಾರವಾದದ್ದು 1967ರ ಡಿಸೆಂಬರ್ 29ರಂದು, ಎನ್‌ಬಿಸಿ ವಾಹಿನಿಯಲ್ಲಿ. ‘ದ ಟ್ರಬಲ್ ವಿತ್ ಟ್ರಿಬಲ್ಸ್’ ಎಂಬ ಹೆಸರಿನಲ್ಲೇ ತಮಾಷೆ ಇದೆ. ಬರೆದವರು ಡೇವಿಡ್ ಜೆರಾಲ್ಡ್. ಆಗ ಅವರಿಗೆ ಇಪ್ಪತ್ಮೂರು ವರ್ಷ. ನನ್ನ ವಾರಗೆಯ ವಯಸ್ಸು ಎಂದು ಹೇಳಿಕೊಳ್ಳುವಾಗ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತದೆ.

ಕಥೆ ಇಷ್ಟು. ಶರ್ಮನ್ಸ್ ಪ್ಲಾನೆಟ್ ಎಂಬ ಗ್ರಹದ ಮೇಲೆ ಭೂಮಿಯವರ ಒಕ್ಕೂಟಕ್ಕೂ ಕ್ಲಿಂಗನ್ನರಿಗೂ ತಕರಾರು. ಯಾರು ಅದನ್ನು ಚೆನ್ನಾಗಿ ಅಭಿವೃದ್ಧಿ ಮಾಡುತ್ತಾರೋ ಅವರಿಗೇ ಅದು ಎಂದು ಒಪ್ಪಂದ. ಅಲ್ಲಿ ಬೆಳೆಯಬಲ್ಲ ಧಾನ್ಯ ಒಂದೇ, ಕ್ವಾಡ್ರೋಟ್ರಿಟಿಕೇಲ್. ಹೆಸರು ಕೇಳಿ ಗಾಬರಿಯಾಗಬೇಡಿ. ಗೋಧಿ ಮತ್ತು ರೈ ಧಾನ್ಯದ ಸಂಕರದಿಂದ ಬಂದ ಟ್ರಿಟಿಕೇಲ್ ಎಂಬ ನಿಜವಾದ ಬೆಳೆಯೇ ಇದೆ. ಅದಕ್ಕೆ ಕಥೆಗಾರ ಒಂದು ‘ಕ್ವಾಡ್ರೋ’ ಜೋಡಿಸಿದ್ದಾರೆ. ಈ ಧಾನ್ಯದ ದಾಸ್ತಾನು ಕೆ-7 ಎಂಬ ಅಂತರಿಕ್ಷ ನಿಲ್ದಾಣದಲ್ಲಿದೆ. ಅದನ್ನು ಕಾಯುವ ಕೆಲಸ ಎಂಟರ್‌ಪ್ರೈಸ್ ನೌಕೆಯ ಕ್ಯಾಪ್ಟನ್ ಕರ್ಕ್‌ಗೆ ಬೀಳುತ್ತದೆ. ಗಗನವೀರನಿಗೆ ಉಗ್ರಾಣದ ಕಾವಲು! ಅವನ ಸಿಡಿಮಿಡಿಯಿಂದಲೇ ಅರ್ಧ ನಗು ಹುಟ್ಟುತ್ತದೆ.

ಅಷ್ಟರಲ್ಲಿ ಸಿರಾನೋ ಜೋನ್ಸ್ ಎಂಬ ಊರೂರು ತಿರುಗುವ ವ್ಯಾಪಾರಿ ಟ್ರಿಬಲ್ ಹಿಡಿದು ಬರುತ್ತಾನೆ. ನೌಕೆಯ ಅಧಿಕಾರಿ ಉಹುರಾಗೆ ಒಂದನ್ನು ಪುಕ್ಕಟೆ ಕೊಡುತ್ತಾನೆ. ಅಲ್ಲಿಂದ ಶುರು. ಒಂದಿದ್ದದ್ದು ಹತ್ತಾಗಿ, ಹತ್ತು ನೂರಾಗಿ, ಮೇಜು, ಕುರ್ಚಿ, ಗೋಡೆ ಎಲ್ಲೆಲ್ಲೂ ಉಂಡೆಗಳು. ಕ್ಯಾಪ್ಟನ್ನನ ಊಟದ ತಟ್ಟೆಯಲ್ಲೂ ಅವೇ. ವೈದ್ಯ ಮೆಕಾಯ್ ಪರೀಕ್ಷಿಸಿ, ಇವು ಹುಟ್ಟುವಾಗಲೇ ಬಸುರಿ ಎಂದು ತೀರ್ಮಾನಿಸುತ್ತಾನೆ. ಮೇವು ಹಾಕುವುದನ್ನು ನಿಲ್ಲಿಸಿದರೆ ಸಂತಾನವೂ ನಿಲ್ಲುತ್ತದೆ. ಆದರೆ ಅವು ಆಗಲೇ ಉಗ್ರಾಣ ಹೊಕ್ಕಿವೆ. ಕರ್ಕ್ ತಲೆಯ ಮೇಲಿನ ಕಣಜದ ಬಾಗಿಲು ತೆರೆಯುತ್ತಾನೆ. ತಿಂದು ತೇಗಿದ ಟ್ರಿಬಲ್‌ಗಳು ದಬದಬನೆ ಸುರಿದು ಅವನನ್ನು ಎದೆಮಟ್ಟ ಹೂಳುತ್ತವೆ.

ಆಗ ಎಷ್ಟಿವೆ ಎಂದು ಹೇಳುವವನು ನಗಲು ಬಾರದ ಸ್ಪಾಕ್. ಹದಿನೇಳು ಲಕ್ಷದ ಎಪ್ಪತ್ತೊಂದು ಸಾವಿರದ ಐನೂರ ಅರವತ್ತೊಂದು! ಬಾಯಿಗೆ ಬಂದ ಸಂಖ್ಯೆ ಎಂದುಕೊಳ್ಳಬೇಡಿ, ಕಾಗದ ತೆಗೆದುಕೊಂಡು ನೋಡಿ. ಒಂದು ಟ್ರಿಬಲ್ ಹನ್ನೆರಡು ಗಂಟೆಗೊಮ್ಮೆ ಹತ್ತು ಮರಿ ಹಾಕುತ್ತದೆ. ತಾಯಿ ಸೇರಿ ಹನ್ನೊಂದು. ಒಂದು ದಿನಕ್ಕೆ 121. ಎರಡು ದಿನಕ್ಕೆ 14,641. ಮೂರು ದಿನಕ್ಕೆ 17,71,561. ಹೀಗೇ ಬಿಟ್ಟರೆ ವಾರದ ಕೊನೆಗೆ ಸುಮಾರು 380 ಲಕ್ಷ ಕೋಟಿ; ಬಜೆಟ್ ಭಾಷಣಕ್ಕೂ ದೊಡ್ಡದಾಗುವ ಅಂಕಿ. ಹಾಸ್ಯದ ಬುಡದಲ್ಲಿ ಇಷ್ಟು ನೆಟ್ಟಗಿನ ಲೆಕ್ಕ ಇರುವುದು ನನಗೆ ಬಹಳ ಇಷ್ಟ.

ಜೆರಾಲ್ಡ್‌ಗೆ ಈ ಕಥೆ ಹೊಳೆದದ್ದು ಆಸ್ಟ್ರೇಲಿಯಾದ ಮೊಲಗಳಿಂದ. 1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನುದಾರ ಬೇಟೆಯ ಮೋಜಿಗೆಂದು ವಿಕ್ಟೋರಿಯಾ ಪ್ರಾಂತದಲ್ಲಿ 24 ಮೊಲಗಳನ್ನು ಬಿಟ್ಟ. ಅವು ಖಂಡವನ್ನೇ ಮೇಯತೊಡಗಿದವು. 1950ರಲ್ಲಿ ರೋಗದ ವೈರಸ್ ಬಿಟ್ಟು ಕೊಲ್ಲಬೇಕಾಯಿತು. ಮೊಲ ಕೆಟ್ಟದ್ದಲ್ಲ, ಟ್ರಿಬಲ್ಲೂ ಕೆಟ್ಟದ್ದಲ್ಲ. ತನ್ನ ಊರಿನಲ್ಲಿ ಅದನ್ನು ತಿನ್ನುವವರು ಇದ್ದರು, ಹೊಸ ಊರಿನಲ್ಲಿ ಇಲ್ಲ, ಅಷ್ಟೆ. ನಮಗಿದು ಅಪರಿಚಿತವೇನಲ್ಲ. ಅಮೆರಿಕದ ಗೋಧಿಯ ಜೊತೆ ಬಂತೆಂದು ಹೇಳುವ ಪಾರ್ಥೇನಿಯಂ, ಅದೇ ನಮ್ಮ ಕಾಂಗ್ರೆಸ್ ಗಿಡ, ಹೊಲ ರಸ್ತೆ ಎಲ್ಲ ಆವರಿಸಿದಾಗ ಅದನ್ನು ತಿನ್ನಲೆಂದು ಮೆಕ್ಸಿಕೋದ ಜೀರುಂಡೆಯನ್ನು ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಗಿಡ ಇನ್ನೂ ಇದೆ.

ಇಷ್ಟೇ ಆಗಿದ್ದರೆ ಇದು ಒಳ್ಳೆಯ ಪ್ರಹಸನ ಮಾತ್ರ. ಆದರೆ ಉಗ್ರಾಣದಿಂದ ಬಿದ್ದ ಉಂಡೆಗಳಲ್ಲಿ ಬಹಳಷ್ಟು ಸತ್ತಿವೆ, ಉಳಿದವು ಸಾಯುತ್ತಿವೆ. ಧಾನ್ಯಕ್ಕೆ ಯಾರೋ ವಿಷ ಬೆರೆಸಿದ್ದಾರೆ. ಎಂಥ ವಿಷ? ತಿಂದದ್ದು ಮೈಗೆ ಹತ್ತದಂತೆ ಮಾಡುವ ವಿಷ. ತುಂಬಿದ ಕಣಜದೊಳಗೆ ಕುಳಿತು, ಹೊಟ್ಟೆ ಬಿರಿಯೆ ತಿಂದು, ಹಸಿವಿನಿಂದ ಸತ್ತಿವೆ. ನಗುತ್ತಿದ್ದ ನಾವು ಇಲ್ಲಿ ಗಕ್ಕನೆ ನಿಲ್ಲುತ್ತೇವೆ. ಈ ಸಾವು ಬರಬೇಕಾಗಿದ್ದದ್ದು ಆ ಗ್ರಹದಲ್ಲಿ ನೆಲೆಸಲಿದ್ದ ಮನುಷ್ಯರಿಗೆ. ಅರಸರ ಊಟವನ್ನು ಮೊದಲು ರುಚಿ ನೋಡುತ್ತಿದ್ದ ಸೇವಕರ ಪಾಲಿಗೆ ಬರುತ್ತಿದ್ದುದು ಟ್ರಿಬಲ್‌ಗಳ ಪಾಲಿಗೆ ಬಂತು. ಎಲ್ಲರೂ ಪೀಡೆ ಎಂದು ಶಪಿಸಿದ ಹೊಟ್ಟೆಬಾಕ ಜೀವಿಗಳೇ ಊರನ್ನು ಉಳಿಸಿದವು. ವಿಷ ಹಾಕಿದವನನ್ನು ಹಿಡಿದುಕೊಟ್ಟವೂ ಅವೇ: ಎಲ್ಲರ ಕೈಯಲ್ಲಿ ಗುರುಗುಟ್ಟುವ ಟ್ರಿಬಲ್ ಕ್ಲಿಂಗನ್ನರನ್ನು ಕಂಡರೆ ಚೀರುತ್ತದೆ, ಮನುಷ್ಯನ ವೇಷದಲ್ಲಿದ್ದ ಸರ್ಕಾರಿ ಗುಮಾಸ್ತನನ್ನು ಕಂಡೂ ಚೀರುತ್ತದೆ.

ಜೋನ್ಸ್‌ಗೆ ಶಿಕ್ಷೆ, ನಿಲ್ದಾಣದಲ್ಲಿರುವ ಒಂದೊಂದು ಟ್ರಿಬಲ್ಲನ್ನೂ ಹೆಕ್ಕುವುದು. ಸ್ಪಾಕ್ ಪ್ರಕಾರ ಅದಕ್ಕೆ 17.9 ವರ್ಷ ಬೇಕು. ನೌಕೆಯಲ್ಲಿದ್ದವನ್ನು ಇಂಜಿನಿಯರ್ ಸ್ಕಾಟಿ ಕ್ಲಿಂಗನ್ನರ ನೌಕೆಯ ಯಂತ್ರಾಗಾರಕ್ಕೆ ಸಾಗಿಸಿ ಕೈ ತೊಳೆದುಕೊಳ್ಳುತ್ತಾನೆ. ನಮ್ಮ ಮನೆಯ ಕಸವನ್ನು ಪಕ್ಕದ ಮನೆಯ ಅಂಗಳಕ್ಕೆ ಗುಡಿಸುವ ಈ ಉಪಾಯಕ್ಕೆ ಎಲ್ಲರೂ ನಗುತ್ತಾರೆ. ನನಗೆ ಮಾತ್ರ ಅದೊಂದು ಸುಲಭದ ಮುಕ್ತಾಯ ಎನ್ನಿಸಿತು.

ಬಹುಶಃ ಮುಂದಿನವರಿಗೂ ಹಾಗೆ ಅನ್ನಿಸಿರಬೇಕು. ಧಾರಾವಾಹಿಗೆ ಮೂವತ್ತು ತುಂಬಿದ 1996ರಲ್ಲಿ, ಅದರ ಮರಿ ಧಾರಾವಾಹಿ ‘ಡೀಪ್ ಸ್ಪೇಸ್ ನೈನ್’ ತನ್ನ ನಟರನ್ನು ಹಳೆಯ ಚಿತ್ರಿಕೆಯೊಳಗೇ ಕೂಡಿಸಿ ಇದೇ ಕಥೆಗೆ ಮರಳಿತು. ಟ್ರಿಬಲ್‌ಗಳನ್ನು ನಿರ್ನಾಮ ಮಾಡಲು ನೂರಾರು ಯೋಧರನ್ನು ಕಳಿಸಿದೆವು, ಅವುಗಳ ತವರು ಗ್ರಹವನ್ನೇ ನಾಶ ಮಾಡಿದೆವು ಎಂದು ಅಲ್ಲಿ ಒಬ್ಬ ಕ್ಲಿಂಗನ್ ಹೆಮ್ಮೆಯಿಂದ ಹೇಳುತ್ತಾನೆ. ಆ ಮಹಾಬೇಟೆಯ ಹಾಡುಗಳನ್ನು ಈಗಲೂ ಹಾಡುತ್ತೀರಾ ಎಂದು ಇನ್ನೊಬ್ಬ ಅಧಿಕಾರಿ ಕೆಣಕುತ್ತಾನೆ. ಕೆಣಕಿದ ಆ ಅಧಿಕಾರಿಯೇ ಪಾಪ ಎನ್ನಿಸಿ ಒಂದು ಟ್ರಿಬಲ್ಲನ್ನು ತನ್ನ ಕಾಲಕ್ಕೆ ತಂದುಬಿಡುತ್ತಾನೆ. ಕೊನೆಯ ದೃಶ್ಯದಲ್ಲಿ ನಿಲ್ದಾಣದ ಪಾನಗೃಹದ ಮಾಲೀಕ ಸುಮ್ಮನೆ ಕುಳಿತಿದ್ದಾನೆ. ಸುತ್ತಲೂ ಉಂಡೆಗಳು. ಅವನ ತಲೆಯ ಮೇಲೂ ಒಂದು.