ಐಬಿಎಸ್: ‘ನಮ್ಮ ಮನೇಲಿ ಎಲ್ಲರಿಗೂ ಇದೆ’ ಅಂತ ಕೈಚೆಲ್ಲಬೇಡಿ

ಊರಿಗೆ ಹೋಗೋ ಬಸ್ ಹತ್ತೋ ಮುಂಚೆ ಟಾಯ್ಲೆಟ್ ಎಲ್ಲಿದೆ ಅಂತ ಹುಡುಕೋ ಅಭ್ಯಾಸ ಇದೆಯಾ? ಹಾಗಾದ್ರೆ ಇವತ್ತಿನ ಮಾತು ನಿಮಗೇ. ಐಬಿಎಸ್, ಅಂದ್ರೆ ಇರಿಟಬಲ್ ಬವೆಲ್ ಸಿಂಡ್ರೋಮ್.

ವಾರಕ್ಕೆ ಒಂದು ದಿನವಾದರೂ ಹೊಟ್ಟೆನೋವು, ಜೊತೆಗೆ ಭೇದಿ, ಮಲಬದ್ಧತೆ ಅಥವಾ ಎರಡೂ, ಇದು ತಿಂಗಳುಗಟ್ಟಲೆ ನಡೀತಾ ಇರುತ್ತೆ. ಸ್ಕೋಪಿ ಮಾಡಿಸಿದ್ರೆ ಕರುಳು ಸರಿಯಾಗೇ ಕಾಣುತ್ತೆ. ಹಾಗಂತ ನೋವು ಸುಳ್ಳಲ್ಲ. ಕರುಳು ಮತ್ತು ಮೆದುಳಿನ ನಡುವಿನ ಸಂಪರ್ಕದಲ್ಲಿ ಏರುಪೇರಾಗಿರುತ್ತೆ.

‘ಅಮ್ಮನಿಗೂ ಇದೆ, ಜೀನ್‌ನಲ್ಲೇ ಬಂದಿದೆ, ಏನ್ ಮಾಡೋಕಾಗುತ್ತೆ?’ ಅಂತಾರೆ ಕೆಲವರು. 2021ರಲ್ಲಿ ‘ನೇಚರ್ ಜೆನೆಟಿಕ್ಸ್’ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಐಬಿಎಸ್ ಇರುವ 53 ಸಾವಿರಕ್ಕೂ ಹೆಚ್ಚು ಜನರ ಡಿಎನ್‌ಎ ನೋಡಿದಾಗ ಸಂಬಂಧ ಸಿಕ್ಕಿದ್ದು 6 ಜಾಗಗಳಲ್ಲಿ. ಆ ಲೆಕ್ಕದಲ್ಲಿ ಸಾಮಾನ್ಯ ಜೀನ್ ವ್ಯತ್ಯಾಸಗಳ ಪಾಲು ಸುಮಾರು ಶೇ 6 ಅಷ್ಟೇ. ಆತಂಕ, ಖಿನ್ನತೆಗೆ ಸಂಬಂಧಿಸಿದ ಜೀನ್‌ಗಳ ಜೊತೆಗೂ ನಂಟು ಕಾಣಿಸಿತು. ಇನ್ನು ಒಂದೇ ಮನೆಯವರಿಗೆ ಜೀನ್ ಮಾತ್ರ ಅಲ್ಲ, ಅಡುಗೆಮನೆಯೂ ಒಂದೇ ಅಲ್ವಾ?

ಆ ಅಡುಗೆಮನೆಯಲ್ಲೇ ದಾರಿ ಇದೆ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ್ದು ‘ಲೋ ಫಾಡ್‌ಮ್ಯಾಪ್’ ಆಹಾರ ಕ್ರಮ. ಸಣ್ಣ ಕರುಳಲ್ಲಿ ಸರಿಯಾಗಿ ಹೀರಿಕೆಯಾಗದ ಕೆಲವು ಸಕ್ಕರೆ ಅಂಶಗಳು ದೊಡ್ಡ ಕರುಳಿಗೆ ಹೋಗಿ, ಬ್ಯಾಕ್ಟೀರಿಯಾ ಕೈಗೆ ಸಿಕ್ಕಿ ಗ್ಯಾಸ್ ಆಗುತ್ತವೆ. ನಮ್ಮ ಊಟದಲ್ಲಿ ಅವು ಇರೋದು ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಾಲು, ಕಾಳುಗಳಲ್ಲಿ.

ಇದರಲ್ಲಿ ಮೂರು ಹಂತ ಇದೆ. ಮೊದಲು 2ರಿಂದ 6 ವಾರ ಇವನ್ನ ಕಡಿಮೆ ಮಾಡೋದು. ಆಮೇಲೆ ಒಂದೊಂದನ್ನೇ ವಾಪಸ್ ತಂದು ನೋಡೋದು: ಇವತ್ತು ಒಂದು ಚಮಚ ಈರುಳ್ಳಿ, ನಾಳೆ ಎರಡು, ಏನಾಗುತ್ತೆ ಅಂತ ಬರೆದಿಡೋದು. ಕೊನೆಗೆ ಆಗದ್ದನ್ನ ಮಾತ್ರ ಮಿತಿಯಲ್ಲಿಟ್ಟು, ಉಳಿದಿದ್ದೆಲ್ಲ ತಿನ್ನೋದು. ನಾನು ಬಿಕಾಂ ಓದಿದವನು, ನನಗಿದು ಬಜೆಟ್ ಥರ ಕಾಣುತ್ತೆ. ಪ್ರತಿ ಖರ್ಚೂ ಚಿಕ್ಕದೇ, ಎಲ್ಲಾ ಒಂದೇ ದಿನ ಬಂದ್ರೆ ಕಷ್ಟ.

ತುಂಬಾ ಜನ ಮೊದಲ ಹಂತದಲ್ಲೇ ವರ್ಷಗಟ್ಟಲೆ ನಿಂತುಬಿಡ್ತಾರೆ. ಅನ್ನ, ಮಜ್ಜಿಗೆ ನೀರು, ಭಯ. ಮದುವೆ ಊಟಕ್ಕೂ ಹೋಗಲ್ಲ. ಇದು ಅಪಾಯ. ಪೋಷಕಾಂಶ ಕಡಿಮೆಯಾಗುತ್ತೆ, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗೂ ಆಹಾರ ಸಿಗಲ್ಲ. ಆರು ವಾರದಲ್ಲಿ ಫರಕು ಕಾಣಲಿಲ್ಲ ಅಂದ್ರೂ ಮುಂದುವರಿಸಬೇಡಿ.

ರುಚಿ ಬಿಡಬೇಕಿಲ್ಲ. ಬೆಳ್ಳುಳ್ಳಿಯ ಆ ಅಂಶ ನೀರಲ್ಲಿ ಕರಗುತ್ತೆ, ಎಣ್ಣೆಯಲ್ಲಿ ಕರಗಲ್ಲ. ಹಾಗಾಗಿ ಒಗ್ಗರಣೆ ಎಣ್ಣೆಯಲ್ಲಿ ಎಸಳು ಹುರಿದು, ತೆಗೆದುಬಿಟ್ಟು, ಆಮೇಲೆ ಸಾರಿಗೆ ಹಾಕಿ. ಘಮ ಉಳಿಯುತ್ತೆ. ಮಲಬದ್ಧತೆ ಇರೋರಿಗೆ ಇಸಬ್‌ಗೋಲ್ ಸಹಾಯ ಮಾಡಬಹುದು, ಸ್ವಲ್ಪದಿಂದ ಶುರುಮಾಡಿ, ನೀರು ಚೆನ್ನಾಗಿ ಕುಡೀರಿ.

ಒಂದು ಎಚ್ಚರಿಕೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯೋದು, ರಕ್ತಹೀನತೆ, ರಾತ್ರಿ ನಿದ್ದೆಯಿಂದ ಎಬ್ಬಿಸೋ ಭೇದಿ, ಮನೆಯಲ್ಲಿ ಕರುಳಿನ ಕ್ಯಾನ್ಸರ್ ಇತಿಹಾಸ: ಇವು ಇದ್ರೆ ಐಬಿಎಸ್ ಅಂತ ನೀವೇ ತೀರ್ಮಾನಿಸಬೇಡಿ, ಡಾಕ್ಟರ್ ಹತ್ರ ಹೋಗಿ. ಗೋಧಿ ಬಿಡೋ ಮುಂಚೆಯೇ ಸೀಲಿಯಾಕ್ ರಕ್ತಪರೀಕ್ಷೆ ಕೇಳಿ. ಬಿಟ್ಟ ಮೇಲೆ ಮಾಡಿಸಿದ್ರೆ ಕಾಯಿಲೆ ಇದ್ರೂ ಗೊತ್ತಾಗದೇ ಹೋಗಬಹುದು. ಸಾಧ್ಯವಾದ್ರೆ ಡಯಟೀಷಿಯನ್ ಜೊತೆ ಕೂತು ಪಟ್ಟಿ ಮಾಡಿ.

ಹೊಟ್ಟೆ ವಿಷಯ ಹೇಳ್ಕೊಳ್ಳೋಕೆ ನಾಚಿಕೆ ಪಡೋ ಸ್ನೇಹಿತರು ಇದ್ರೆ, ಈ ಎಪಿಸೋಡ್ ಸುಮ್ಮನೆ ಕಳಿಸಿಬಿಡಿ. ಮುಂದಿನ ವಾರ ಸಿಗೋಣ.