ಬಿಸಿಲಿಗೆ ಅಳುವ ಮಗು



ನನ್ನ ತಂಗಿಯ ಮಗಳು ನಾಲ್ಕು ವರ್ಷದವಳಿದ್ದಾಗ ಬಿಸಿಲಲ್ಲಿ ಸ್ವಲ್ಪ ಹೊತ್ತು ಆಡಿದರೂ ಕೈ ಉರಿಯುತ್ತದೆಂದು ಚೀರುತ್ತಿದ್ದಳು. ರಾತ್ರಿಯೆಲ್ಲ ತಣ್ಣೀರಿನ ಬಕೆಟ್ಟಿನಲ್ಲಿ ಕೈ ಅದ್ದಿ ಕೂರುತ್ತಿದ್ದಳು. ಚರ್ಮದ ಮೇಲೆ ಗುಳ್ಳೆಯಿಲ್ಲ, ಗಾಯವಿಲ್ಲ. “ಶಾಲೆ ತಪ್ಪಿಸಲು ನಾಟಕ” ಎಂದವರಲ್ಲಿ ನಾನೂ ಒಬ್ಬಳು. ರಕ್ತಪರೀಕ್ಷೆಯ ಲ್ಯಾಬಿನಲ್ಲೇ ಕೆಲಸ ಮಾಡುತ್ತಿದ್ದರೂ ನನಗೆ ಹೊಳೆಯಲಿಲ್ಲ. ಕಾಯಿಲೆಯ ಹೆಸರು ತಿಳಿಯಲು ಎರಡು ವರ್ಷ ಹಿಡಿಯಿತು: ಎರಿತ್ರೊಪೊಯೆಟಿಕ್ ಪ್ರೋಟೊಪೋರ್ಫೈರಿಯಾ.

ರಕ್ತಕ್ಕೆ ಕೆಂಪು ಬಣ್ಣ ಕೊಡುವುದು ಹೀಮ್. ಅದು ತಯಾರಾಗುವ ಕೊನೆಯ ಹಂತದಲ್ಲಿ ಪ್ರೋಟೊಪೋರ್ಫೈರಿನ್ ಎಂಬ ಉಂಗುರದಂಥ ಅಣುವಿನ ನಡುವೆ ಫೆರೊಕೆಲಟೇಸ್ ಎಂಬ ಕಿಣ್ವ ಕಬ್ಬಿಣವನ್ನು ಕೂರಿಸುತ್ತದೆ. ಹುಟ್ಟಿನಿಂದಲೇ ಈ ಕಿಣ್ವ ಕಡಿಮೆಯಿದ್ದರೆ, ಕಬ್ಬಿಣವಿಲ್ಲದ ಉಂಗುರಗಳು ಕೆಂಪು ರಕ್ತಕಣಗಳಲ್ಲಿ ತುಂಬಿಕೊಳ್ಳುತ್ತವೆ.

ಕಬ್ಬಿಣ ಕೂತ ಹೀಮ್ ಬೆಳಕನ್ನು ಹೀರಿದರೂ ತೊಂದರೆಯಿಲ್ಲ. ಬರಿಯ ಉಂಗುರ ಹಾಗಲ್ಲ. ಅದು ಸುಮಾರು 400ರಿಂದ 410 ನ್ಯಾನೋಮೀಟರಿನ ನೇರಳೆ ಬೆಳಕನ್ನು ಹೀರಿ, ಆ ಶಕ್ತಿಯನ್ನು ಪಕ್ಕದ ಆಮ್ಲಜನಕಕ್ಕೆ ದಾಟಿಸುತ್ತದೆ. ಕೆರಳಿದ ಆಮ್ಲಜನಕ ಚರ್ಮದಡಿಯ ಸಣ್ಣ ರಕ್ತನಾಳಗಳ ಗೋಡೆಯನ್ನು ಘಾಸಿಗೊಳಿಸುತ್ತದೆ. ಪೆಟ್ಟು ಒಳಗೆ ಬೀಳುವುದರಿಂದ ಎಷ್ಟೋ ಸಲ ಹೊರಗೆ ಏನೂ ಕಾಣದು.

ಪೋರ್ಫೈರಿನ್ ಮಾಡುವ ಹಾವಳಿಯನ್ನು 1912ರಲ್ಲಿ ಜರ್ಮನಿಯ ವೈದ್ಯ ಫ್ರೀಡ್ರಿಶ್ ಮೇಯರ್-ಬೆಟ್ಸ್ ತಮ್ಮ ಮೈಮೇಲೇ ಪರೀಕ್ಷಿಸಿದರು. 200 ಮಿಲಿಗ್ರಾಂ ಹೆಮಟೊಪೋರ್ಫೈರಿನ್ ಚುಚ್ಚಿಕೊಂಡು ಬಿಸಿಲಿಗೆ ಹೋದ ಅವರ ಮುಖ ಗುರುತು ಸಿಗದಷ್ಟು ಊದಿತ್ತು.

ತಾಯಂದಿರು ಕೆಲವು ಮಾತು ನೆನಪಿಡಿ. ಇದು ಕಣ್ಣಿಗೆ ಕಾಣುವ ಬೆಳಕು. ಕಿಟಕಿಯ ಗಾಜು ಇದನ್ನು ತಡೆಯದು. ಅಂಗಡಿಯ ಸಾಮಾನ್ಯ ಸನ್‌ಸ್ಕ್ರೀನ್ ಸಾಲದು. ಒತ್ತು ನೇಯ್ಗೆಯ ತುಂಬುತೋಳಿನ ಬಟ್ಟೆ, ಅಗಲ ಅಂಚಿನ ಟೊಪ್ಪಿ, ಕೈಗವಸು ಬೇಕು. ಪ್ರೋಟೊಪೋರ್ಫೈರಿನ್ ನೀರಿನಲ್ಲಿ ಕರಗದ್ದರಿಂದ ಮೂತ್ರಪರೀಕ್ಷೆಯಲ್ಲಿ ಸಿಗುವುದಿಲ್ಲ. ನಮ್ಮ ಮಗುವಿಗೆ ಮೊದಲು ಮಾಡಿಸಿದ್ದು ಅದನ್ನೇ. “ಎಲ್ಲ ಸರಿಯಿದೆ” ಎಂದು ಬಂತು. ಕೆಂಪು ರಕ್ತಕಣಗಳಲ್ಲಿರುವ ಪ್ರೋಟೊಪೋರ್ಫೈರಿನ್ ಅನ್ನೇ ಅಳೆಯಬೇಕು. ರಕ್ತದ ಟ್ಯೂಬಿಗೆ ಬೆಳಕು ತಾಗದಂತೆ ಫಾಯಿಲ್ ಸುತ್ತಿ ಕಳಿಸಬೇಕು. ಈ ವಸ್ತು ಪಿತ್ತದ ಮೂಲಕ ಹೊರಹೋಗುವುದರಿಂದ ಯಕೃತ್ತಿನ ಮೇಲೂ ಕಣ್ಣಿಡಬೇಕು. ಬಿಸಿಲು ತಪ್ಪಿಸುವವರಿಗೆ ವಿಟಮಿನ್ ಡಿ ಕೊರತೆಯಾಗದಂತೆ ವೈದ್ಯರನ್ನು ಕೇಳಿ.

ಹುಡುಗಿ ಈಗ ಕಾಲೇಜಿಗೆ ಹೋಗುತ್ತಾಳೆ. “ದೊಡ್ಡಮ್ಮ, ಆಗ ನೀವು ನಂಬಲಿಲ್ಲವಲ್ಲ” ಎಂದು ಒಮ್ಮೆ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಮಗು ಉರಿ ಎಂದರೆ, ಗಾಯ ಹುಡುಕುವ ಮೊದಲು ಅದರ ಮಾತನ್ನು ನಂಬಿ. ಇಷ್ಟು ಹೇಳಲೆಂದೇ ಇಂದು ಬಂದೆ.