ಕಡಲಾಚೆ ದುಡಿಯುವ ನಮ್ಮ ದಾದಿಯರು
(ಪಾಲಬಾವಿಯ ಸಭೆಯಲ್ಲಿ ಮಾಡಿದ ಭಾಷಣ)



ನರ್ಸಿಂಗ್ ಕಲಿತ ಮಗಳನ್ನು ಹೊಲ ಒತ್ತೆಯಿಟ್ಟು ಪರದೇಶಕ್ಕೆ ಕಳಿಸುವ ತಂದೆಗೆ ಎರಡು ಚಿಂತೆ. ಮಗಳು ಅಲ್ಲಿ ಹೊಂದಿಕೊಂಡಾಳೆಯೆ? ಸಾಲ ತೀರೀತೆ? ಇವೆರಡೂ ಒಂದೇ ಚಿಂತೆಯೆಂದು ನಾವು ಹೇಳುತ್ತೇವೆ. ಸಾಲದ ಹೆದರಿಕೆಯಲ್ಲಿದ್ದವಳು ಬಾಯಿಬಿಟ್ಟು ಕೇಳಲಾರಳು, ಕೇಳದವಳು ಕಲಿಯಲಾರಳು.

ಇಂಗ್ಲೆಂಡನ್ನೇ ನೋಡೋಣ. ಅಲ್ಲಿ 1948ರ ಜುಲೈ 5ರಂದು ಲೇಬರ್ ಸರಕಾರ ಎಲ್ಲರಿಗೂ ಉಚಿತ ವೈದ್ಯಸೇವೆ ತೆರೆಯಿತು. ಅದನ್ನು ಕಟ್ಟಿದ ಮಂತ್ರಿ ಅನ್ಯೂರಿನ್ ಬೆವನ್ ಗಣಿಯಲ್ಲಿ ದುಡಿದವನು. ಅವನ ಊರು ಟ್ರೆಡೇಗರ್‌ನಲ್ಲಿ ಕಾರ್ಮಿಕರು ಕೂಲಿಯಿಂದ ಕಾಸು ಕೂಡಿಸಿ ತಮ್ಮ ವೈದ್ಯರನ್ನು ತಾವೇ ಇಟ್ಟುಕೊಂಡಿದ್ದರು. ಆ ಸೇವೆಯ ಭಾರವನ್ನು ಇಂದು ಭಾರತದ ದಾದಿಯರೂ ಹೊತ್ತಿದ್ದಾರೆ.

ಇಲ್ಲಿ ನಾಲ್ಕು ವರ್ಷ ಬಿ.ಎಸ್‌ಸಿ. ನರ್ಸಿಂಗ್ ಓದಿದವಳು ಅಲ್ಲಿಯ ಕೆಲಸಕ್ಕೆ ಮತ್ತೆ ಇಂಗ್ಲಿಷ್ ಪರೀಕ್ಷೆ, ಕಂಪ್ಯೂಟರ್ ಪರೀಕ್ಷೆ, ಕೊನೆಗೆ ಕೈಕೆಲಸದ ಪರೀಕ್ಷೆ ಕೊಡಬೇಕು. ರಿಜಿಸ್ಟರಿನಲ್ಲಿ ಹೆಸರು ಸೇರುವ ತನಕ ಸಹಾಯಕಿಯ ಕೆಲಸ, ಕಡಿಮೆ ಸಂಬಳ. ಇದು ಅವಳಿಗೆ ಕೆಲಸ ಬಾರದೆಂದಲ್ಲ, ಪದ್ಧತಿ ಬೇರೆ. ಪಳಗಿದ ನೇಕಾರನಿಗೂ ಹೊಸ ಗಿರಣಿಯ ಮಗ್ಗ ತಿಳಿಯಲು ನಾಲ್ಕು ದಿನ ಬೇಕಲ್ಲವೆ?

ನಮ್ಮ ದವಾಖಾನೆಯಲ್ಲಿ ರೋಗಿಗೆ ಮೈ ಒರೆಸುವವರು, ಗಂಜಿ ಕುಡಿಸುವವರು ಮನೆಯವರು. ಅಲ್ಲಿ ಅದು ನರ್ಸಿನ ಹೊಣೆ. ಇಲ್ಲಿ ಡಾಕ್ಟರ ಮಾತಿಗೆ ಎದುರಿಲ್ಲ. ಅಲ್ಲಿ ಔಷಧದ ಪ್ರಮಾಣ ತಪ್ಪೆನಿಸಿದರೆ ಡಾಕ್ಟರನ್ನು ತಡೆದು ಕೇಳುವುದೇ ಅವಳ ಕರ್ತವ್ಯ. ಸುಮ್ಮನಿದ್ದರೆ ಅವಳೇ ತಪ್ಪಿತಸ್ಥೆ. ಮಾಡಿದ್ದೆಲ್ಲ ಬರೆದಿಡಬೇಕು. ಮುಟ್ಟುವ ಮೊದಲು ರೋಗಿಯ ಒಪ್ಪಿಗೆ ಪಡೆಯಬೇಕು. ಮುದುಕಿಯೊಬ್ಬಳು 'ಪೆನ್ನಿ ಖರ್ಚು ಮಾಡಬೇಕು' ಎಂದರೆ ಅದು ದುಡ್ಡಿನ ಮಾತಲ್ಲ, ಮೂತ್ರಕ್ಕೆ ಹೋಗಬೇಕೆಂದು ಅರ್ಥ! ಇದು ಯಾವ ಪುಸ್ತಕದಿಂದ ಬಂದೀತು? ಪಕ್ಕದಲ್ಲಿ ನಿಂತು ಹೇಳಿಕೊಡುವ ಹಿರಿಯ ನರ್ಸೇ ಬೇಕು.

ಆದ್ದರಿಂದ ಹೊಂದಿಕೊಳ್ಳುವ ಭಾರವನ್ನೆಲ್ಲ ಹುಡುಗಿಯ ತಲೆಯ ಮೇಲೆ ಹೊರಿಸಕೂಡದು. ಕರೆಸಿಕೊಂಡ ದವಾಖಾನೆ ಸಂಬಳ ಸಹಿತ ಕಲಿಕೆಯ ವೇಳೆ ಕೊಡಬೇಕು, ಜೊತೆಗೊಬ್ಬ ಅನುಭವಸ್ಥೆಯನ್ನು ನೇಮಿಸಬೇಕು. ಪರದೇಶದಿಂದ ಬಂದ ಆರೋಗ್ಯ ನೌಕರರಿಗೂ ಸ್ಥಳೀಯರಿಗೂ ಭೇದವಿರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2010ರ ಸಂಹಿತೆಯಲ್ಲಿ ಹೇಳಿದೆ. ಹೋದವಳು ಅಲ್ಲಿಯ ಯೂನಿಯನ್ನಿಗೆ ಮೊದಲ ತಿಂಗಳೇ ಸೇರಲಿ. ಗಿರಣಿ ಕಾರ್ಮಿಕರಾದ ನಿಮಗೆ ಇದರ ಬೆಲೆ ನಾವು ಹೇಳಬೇಕಿಲ್ಲ.

ಇನ್ನು ನಮ್ಮ ಪಾಲಿನ ಕೆಲಸ. ಕೆಲಸ ಕೊಡಿಸಲು ನರ್ಸಿನಿಂದ ಶುಲ್ಕ ಪಡೆಯಬಾರದೆಂದು ಬ್ರಿಟನ್ನಿನ ನೇಮಕದ ಸಂಹಿತೆಯೇ ಹೇಳುತ್ತದೆ. ದಲ್ಲಾಳಿಗಳ ಸುಲಿಗೆ ಮಿತಿಮೀರಿದಾಗ ಭಾರತ ಸರಕಾರ 2015ರಲ್ಲಿ ಕೊಲ್ಲಿ ದೇಶಗಳ ನರ್ಸ್ ನೇಮಕವನ್ನು ಸರಕಾರಿ ಸಂಸ್ಥೆಗಳ ಕೈಗೆ ಕೊಟ್ಟಿತು. ಹೀಗಿರಲು, ಲಕ್ಷಗಟ್ಟಲೆ ಕೇಳುವ ದಲ್ಲಾಳಿಯ ಮುಂದೆ ಹೊಲದ ಕಾಗದ ಇಡಬೇಡಿರಿ, ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿರಿ. ಕರಾರುಪತ್ರವನ್ನು ತಿಳಿದವರಿಂದ ಓದಿಸಿರಿ.

ಸಾಲವಿಲ್ಲದೆ ಹೋದ ಮಗಳು ತಲೆಯೆತ್ತಿ ಕೇಳುತ್ತಾಳೆ, ಕೇಳಿ ಕಲಿಯುತ್ತಾಳೆ. ಅವಳ ಕೈಯಲ್ಲಿ ರೋಗಿಯೂ ಕ್ಷೇಮ, ಅವಳ ಮನೆಯೂ ಕ್ಷೇಮ.